ಹಸಿ ಸೌದೆ ಹೊರೋಕೆ ಯಾವ ಗಾಡಿ?

ತೋಟಕ್ಕೊಂದು ಗಾಡಿ ಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಎಚ್‌ಪಿ, ಎಷ್ಟು ಮೈಲೇಜ್ ಅಂತ. ಸೌದೆ ಹೊರುವ ಕೆಲಸಕ್ಕೆ ಇವೆರಡೂ ಆಮೇಲಿನ ಮಾತು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಜೋಡಿಸಿದ ಸೌದೆ ಎಷ್ಟು ತೂಗುತ್ತೆ ಅನ್ನುವುದು ಮೊದಲು ಗೊತ್ತಿರಬೇಕು.

ಹೊಸದಾಗಿ ಕಡಿದ ನೀಲಗಿರಿ ತುಂಡುಗಳನ್ನು ಒತ್ತಾಗಿ ಜೋಡಿಸಿದರೆ ಘನ ಅಡಿಗೆ ಸುಮಾರು 18 ಕೆಜಿ. ಚೆನ್ನಾಗಿ ಒಣಗಿದ ಮೇಲೆ ಸುಮಾರು 12. ಬಳ್ಳಾರಿ ಜಾಲಿಯ ಕೊಂಬೆ ಸೊಟ್ಟಗಿರುವುದರಿಂದ ನಡುವೆ ಗಾಳಿಯೇ ಹೆಚ್ಚು, ಹಾಗಾಗಿ ಅಷ್ಟೇ ಜಾಗದಲ್ಲಿ ತೂಕ ಕಮ್ಮಿ. ಈ ಲೆಕ್ಕವನ್ನು ಟಾಟಾ ಏಸ್ ಮೇಲೆ ಹಾಕಿ ನೋಡಿ. ತೊಟ್ಟಿ ಏಳಡಿ ಉದ್ದ, ಹೆಚ್ಚುಕಮ್ಮಿ ಐದಡಿ ಅಗಲ. ಒಂದಡಿ ಎತ್ತರಕ್ಕೆ, ಅಂದರೆ ಪಕ್ಕದ ಡೋರಿನ ಮಟ್ಟಕ್ಕೆ ಹಸಿ ನೀಲಗಿರಿ ತುಂಬಿದರೆ 35 ಘನ ಅಡಿ, 630 ಕೆಜಿ. ಆ ಗಾಡಿ ಹೊರಬಹುದಾದ್ದೇ ಸುಮಾರು 750 ಕೆಜಿ. ಎಲ್ಲರೂ ತುಂಬುವ ಹಾಗೆ ಕ್ಯಾಬಿನ್ ಎತ್ತರಕ್ಕೆ ಮೂರಡಿ ಪೇರಿಸಿದರೆ 1,900 ಕೆಜಿ ಹತ್ತಿರ. ಎರಡೂವರೆ ಪಟ್ಟು ಹೊರೆ.

ಗಾಡಿ ಎಳೆಯುತ್ತಲ್ಲ ಅಂತ ಇದನ್ನು ಸಮರ್ಥಿಸುವವರು ಬಹಳ. ಎಳೆಯುವುದು ಇಂಜಿನ್ನು, ನಿಲ್ಲಿಸುವುದು ಬ್ರೇಕು. ಮೊದಲ ಗೇರಿನಲ್ಲಿ ಎರಡು ಟನ್ನನ್ನೂ ಎಳೆದೀತು, ಇಳಿಜಾರಿನಲ್ಲಿ ಅದೇ ಎರಡು ಟನ್ನನ್ನು ನಿಲ್ಲಿಸಲಾರದು. ದೇವರಾಯನದುರ್ಗದ ಕಡೆಯಿಂದಲೋ ನಂದಿ ಸುತ್ತಮುತ್ತಲ ಬೆಟ್ಟದ ಬುಡದಿಂದಲೋ ಸೌದೆ ಇಳಿಸುವವರು ಬ್ರೇಕನ್ನು ಒತ್ತಿಕೊಂಡೇ ಬರುತ್ತಾರೆ. ಡ್ರಮ್ಮು ಕಾದು ಲೈನರ್ ಹಿಡಿತ ಬಿಡುತ್ತೆ, ಪೆಡಲ್ ಒತ್ತಿದರೂ ಗಾಡಿ ಓಡುತ್ತಲೇ ಇರುತ್ತೆ. ಯಾವ ಗೇರಿನಲ್ಲಿ ಹತ್ತಿಸಿದ್ದಿರೋ ಅದೇ ಗೇರಿನಲ್ಲಿ ಇಳಿಸಿ, ಬ್ರೇಕನ್ನು ಆಗಾಗ ಬಿಟ್ಟು ಒತ್ತಿ.

ಇಲ್ಲೇ ದುಡ್ಡು ಉಳಿಸುವ ದಾರಿಯೂ ಇದೆ. ದೊಡ್ಡ ಗಾಡಿ ಕೊಳ್ಳುವ ಮೊದಲು ಸೌದೆ ಒಣಗಿಸಿ. ಒಂದೂವರೆ ಅಡಿಗೆ ತುಂಡು ಮಾಡಿ, ದಪ್ಪದ್ದನ್ನು ಸೀಳಿ, ಕಡಿದ ಜಾಗದಲ್ಲೇ ಎರಡು ಕೊರಡಿನ ಮೇಲೆ ನೆಲಕ್ಕೆ ತಾಗದಂತೆ ಪೇರಿಸಿಡಿ. ಫೆಬ್ರವರಿಯಿಂದ ಮೇ ತನಕದ ನಮ್ಮ ಬಿಸಿಲಿಗೆ ಮೂರರಲ್ಲೊಂದು ಪಾಲು ತೂಕ ಇಳಿಯುತ್ತೆ. ಮೂರು ಸಲ ಹೋಗಿಬರುವ ಕಡೆ ಎರಡು ಸಲ ಸಾಕು. ತೂಕದ ಲೆಕ್ಕದಲ್ಲಿ ಮಾರುವವರಿಗೆ ಈ ಮಾತು ಹೊಂದುವುದಿಲ್ಲ, ಅವರಿಗೆ ಲಾರಿಯೇ ತೋಪಿಗೆ ಬರುತ್ತೆ. ನಾನು ಹೇಳುತ್ತಿರುವುದು ಮನೆಯ ಹಂಡೆ ಒಲೆಗೆ, ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡು ಬೇಯಿಸುವ ಸಣ್ಣ ರೀಲಿಂಗ್ ಘಟಕಕ್ಕೆ ತಮ್ಮದೇ ಸೌದೆ ಸಾಗಿಸುವವರಿಗೆ.

ಇನ್ನು ದಾರಿಯ ವಿಷಯ. ಸೌದೆ ಬಿದ್ದಿರುವ ಜಾಗದವರೆಗೆ ಮಣ್ಣುದಾರಿ ಗಟ್ಟಿ ಇದ್ದರೆ, ಅಲ್ಲಿಂದ ಮನೆಗೆ ಐದಾರು ಕಿಲೋಮೀಟರ್ ಡಾಂಬರು ಇದ್ದರೆ ಏಸ್ ಥರದ ಗಾಡಿಯೇ ಸರಿ. ಆದರೆ ಅದರ ಚಕ್ರ ಹನ್ನೆರಡು ಇಂಚಿಂದು. ಉತ್ತ ಹೊಲದ ಸಾಲಿಗೆ, ಕೆರೆ ಅಂಗಳದ ಗೋಡುಮಣ್ಣಿಗೆ ಇಳಿದರೆ ಆಕ್ಸಲ್ಲೇ ನೆಲಕ್ಕೆ ಕೂರುತ್ತೆ. ಖಾಲಿ ಇರುವಾಗ ಇನ್ನೂ ಕಷ್ಟ. ಬಲ ಹೋಗುವುದು ಹಿಂದಿನ ಚಕ್ರಕ್ಕೆ, ಖಾಲಿ ಗಾಡಿಯ ಹಿಂಭಾಗ ಹಗುರ, ಮಳೆ ಬಿದ್ದ ಕೆಂಪು ಮಣ್ಣಿನ ಏರಿನಲ್ಲಿ ಚಕ್ರ ನಿಂತಲ್ಲೇ ಸುತ್ತುತ್ತೆ. ನಾಲ್ಕು ಮೂಟೆ ಮರಳನ್ನು ಹಿಂದಿನ ಆಕ್ಸಲ್ ಮೇಲೆ ಬರುವಂತೆ ಹಾಕಿಕೊಂಡು ಹೋಗಿ. ಸೌದೆ ತುಂಬುವಾಗ ಆ ಮೂಟೆ ಇಳಿಸುವುದನ್ನು ಮರೆಯಬೇಡಿ.

1.7 ಟನ್ನು ಹೊರುವ ಬೊಲೆರೊ ಪಿಕಪ್‌ಗೂ ಇದೇ ಲೆಕ್ಕ. ಒಂಬತ್ತಡಿ ತೊಟ್ಟಿಯಲ್ಲಿ ಹಸಿ ಸೌದೆ ಎರಡಡಿ ಮುಟ್ಟುವಷ್ಟರಲ್ಲಿ ತೂಕ ಭರ್ತಿ. ವಾರಕ್ಕೆ ಎರಡು ದಿನವಾದರೂ ತರಕಾರಿ, ಟೊಮೆಟೊ ಕ್ರೇಟು, ಗೊಬ್ಬರ ಅಂತ ಬೇರೆ ಬಾಡಿಗೆ ಸಿಗದಿದ್ದರೆ ಬರೀ ಸೌದೆಗೋಸ್ಕರ ಅದನ್ನು ಕೊಳ್ಳಬೇಡಿ. ಇನ್ಶೂರೆನ್ಸ್ ಕಟ್ಟಬೇಕು, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ, ಅಂದರೆ ಎಫ್‌ಸಿ ಮಾಡಿಸಬೇಕು.

ಮೂರರಿಂದ ಎಂಟು ಎಕರೆ ಇರುವವರಿಗೆ, ಉಳುಮೆ, ಔಷಧಿ ಹೊಡೆಯುವುದು, ಸೌದೆ ಎಲ್ಲವೂ ಆಗಬೇಕು ಅನ್ನುವವರಿಗೆ ನನ್ನ ಆಯ್ಕೆ 24 ಎಚ್‌ಪಿ ಆಸುಪಾಸಿನ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಿನಿ ಟ್ರ್ಯಾಕ್ಟರ್ ಮತ್ತು ಎರಡು ಚಕ್ರದ ಸಣ್ಣ ಟ್ರೇಲರ್. ಮಹೀಂದ್ರ ಜಿವೊ 245, ಕುಬೋಟ ನಿಯೋಸ್ಟಾರ್ ಬಿ2441 ಈ ಸಾಲಿನವು. ಹಿಪ್ಪುನೇರಳೆ ಸಾಲಿನ ನಡುವೆ ಓಡಿಸುವುದಾದರೆ ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಅಳೆದೇ ಮುಂಗಡ ಕೊಡಿ. ದ್ರಾಕ್ಷಿ ಚಪ್ಪರದ ಕೆಳಗಾದರೆ ಸೈಲೆನ್ಸರ್ ಮೇಲಕ್ಕೆ ನಿಂತಿದೆಯೋ ಪಕ್ಕಕ್ಕೆ ಮಲಗಿದೆಯೋ ನೋಡಿ. ನಿಂತಿದ್ದರೆ ತಂತಿಗೆ ತಗಲುತ್ತೆ, ಬಿಸಿ ಹೊಗೆ ನೇರ ಎಲೆಗೆ ಹೊಡೆಯುತ್ತೆ.

ಎರಡು ಚಕ್ರದ ಟ್ರೇಲರಿನಲ್ಲಿ ತುಂಬುವ ಕ್ರಮವೇ ಮುಖ್ಯ. ದಪ್ಪ ಬೊಡ್ಡೆ ಕೆಳಗೆ, ಟ್ರೇಲರಿನ ಆಕ್ಸಲ್‌ನಿಂದ ಕೊಂಚ ಮುಂದೆ. ತೂಕವೆಲ್ಲ ಹಿಂದಕ್ಕೆ ಬಿದ್ದರೆ ಕೊಂಡಿ ಮೇಲಕ್ಕೆ ಎತ್ತಿ ಟ್ರ್ಯಾಕ್ಟರಿನ ಹಿಂದಿನ ಚಕ್ರದ ಹಿಡಿತ ಹೋಗುತ್ತೆ. ತೀರಾ ಮುಂದಕ್ಕೆ ಬಿದ್ದರೆ ಏರು ಹತ್ತುವಾಗ ಮುಂಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಬೊಡ್ಡೆ ಎಳೆಯುವಾಗ ಸರಪಳಿಯನ್ನು ಯಾವತ್ತೂ ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಡ್ರಾಬಾರ್‌ಗೇ ಹಾಕಿ. ನೇಗಿಲಿನಂಥ ಸಾಧನದ ಮೇಲ್ತುದಿ ಸಿಕ್ಕಿಸುವ ಟಾಪ್ ಲಿಂಕ್ ಜಾಗಕ್ಕೆ ಸಿಕ್ಕಿಸಿ ಎಳೆದರೆ, ಬೊಡ್ಡೆ ಅಲುಗದಿದ್ದಾಗ ಟ್ರ್ಯಾಕ್ಟರೇ ಮುಂದೆ ಎದ್ದು ಹಿಂದಕ್ಕೆ ಮಗುಚುತ್ತೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. 2017ರಲ್ಲಿ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಹಳೇ ತೋಪು ತೆಗೆಸಿ ಬೇರೆ ಬೆಳೆ ಇಡುವವರು ಇದ್ದಾರೆ. ಆ ಬುಡಗಳನ್ನು ಮಿನಿ ಟ್ರ್ಯಾಕ್ಟರಿನಿಂದ ಕೀಳಲು ಹೋಗಬೇಡಿ, ಗಂಟೆ ಲೆಕ್ಕಕ್ಕೆ ಜೆಸಿಬಿ ಕರೆಸಿ. ರಸ್ತೆಗೆ ಬರುವ ಮುಂಚೆ ಎಡ ಬಲದ ಎರಡೂ ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಚಿಲಕ ಹಾಕಿ. ಹೊಲದಲ್ಲಿ ಬಿಡಿಸಿಟ್ಟಿದ್ದನ್ನು ಹಾಗೇ ಬಿಟ್ಟು ಓಡಿಸುವಾಗ ಒಂದೇ ಪೆಡಲ್ ಒತ್ತಿದರೆ ಗಾಡಿ ಗಿರ್ರನೆ ತಿರುಗಿ ಟ್ರೇಲರ್ ಮಗುಚುತ್ತೆ.

ಎರಡು ಮೂರು ಎಕರೆಯವರಿಗೆ 13 ಎಚ್‌ಪಿ ಪವರ್ ಟಿಲ್ಲರ್‌ಗೆ ಟ್ರೇಲರ್ ಸಿಕ್ಕಿಸಿಕೊಂಡರೂ ಸಮತಟ್ಟಿನಲ್ಲಿ ಒಂದು ಟನ್ನು ಸಾಗುತ್ತೆ. ಒಂದು ಅಪಾಯ ಮಾತ್ರ ಓಡಿಸುವ ಪ್ರತಿಯೊಬ್ಬರಿಗೂ ಗೊತ್ತಿರಲೇಬೇಕು. ಹಿಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಟೇರಿಂಗ್ ಕ್ಲಚ್ ಇದೆ, ಹಿಡಿದರೆ ಆ ಬದಿಯ ಚಕ್ರವನ್ನು ಇಂಜಿನ್ನಿನಿಂದ ಬಿಡಿಸುತ್ತೆ. ಸಮತಟ್ಟಿನಲ್ಲಿ ಎಡದ್ದನ್ನು ಹಿಡಿದರೆ ಎಡಕ್ಕೆ ತಿರುಗುತ್ತೆ. ಇಳಿಜಾರಿನಲ್ಲಿ ತುಂಬಿದ ಟ್ರೇಲರ್ ಹಿಂದಿನಿಂದ ನೂಕುತ್ತಿರುವಾಗ ಬಿಡಿಸಿಕೊಂಡ ಎಡಚಕ್ರ ಜೋರಾಗಿ ಉರುಳುತ್ತೆ, ಬಲಚಕ್ರವನ್ನು ಇಂಜಿನ್ ಹಿಡಿದುಕೊಂಡಿರುತ್ತೆ. ಗಾಡಿ ಬಲಕ್ಕೆ ಹೋಗುತ್ತೆ! ಆದ್ದರಿಂದ ಇಳಿಜಾರಿನಲ್ಲಿ ಆ ಕ್ಲಚ್ ಮುಟ್ಟದೆ ಹಿಡಿಯನ್ನು ಕೈಬಲದಿಂದಲೇ ತಿರುಗಿಸಬೇಕು.

ತಿಪಟೂರು, ಗುಬ್ಬಿ ಕಡೆಯ ತೆಂಗಿನ ತೋಟದವರ ಲೆಕ್ಕ ಬೇರೆ. ಗರಿ, ಮಟ್ಟೆ, ಕರಟ ಜಾಗ ತಿನ್ನುತ್ತವೆ, ತೂಕ ತಿನ್ನುವುದಿಲ್ಲ. ಅವರು ಟ್ರೇಲರಿನ ಪಕ್ಕಕ್ಕೆ ಮೂರಡಿ ಕಬ್ಬಿಣದ ಚೌಕಟ್ಟು ಏರಿಸಿಕೊಂಡರೆ ಸಾಕು. ಆದರೆ ಗರಿಯ ತುದಿ ತೊಟ್ಟಿಯಿಂದ ಆಚೆ ಚಾಚಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದಕ್ಕೆ 20,000 ರೂಪಾಯಿ ದಂಡ ಬರೆದಿದೆ. ಹೆಚ್ಚು ತೂಕಕ್ಕೂ ಅಷ್ಟೇ, ಜೊತೆಗೆ ಮೀರಿದ ಪ್ರತಿ ಟನ್ನಿಗೆ 2,000. ಮರದ ವಿಷಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ನೀಲಗಿರಿ, ಸರ್ವೆ, ಬಳ್ಳಾರಿ ಜಾಲಿ, ತೆಂಗು, ಸಿಲ್ವರ್ ಓಕ್ ಕಡಿಯಲು ಅನುಮತಿ ಕೇಳುವುದಿಲ್ಲ. ಬೇವು, ಹುಣಸೆಗೆ ಕೊಡಲಿ ಹಾಕುವ ಮೊದಲು ವಲಯ ಅರಣ್ಯ ಕಚೇರಿಗೆ ಹೋಗಿ ಬನ್ನಿ.

ವರ್ಷಕ್ಕೆ ಹದಿನೈದು ದಿನದ ಕೆಲಸವಷ್ಟೇ ಇದ್ದರೆ ಕೊಳ್ಳಲೇಬೇಡಿ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ವಿಚಾರಿಸಿ. ಹಳೇ ಪಿಕಪ್ಪೇ ಕೊಳ್ಳುವುದಾದರೆ ಇಂಜಿನ್ ಸದ್ದು ಕೇಳುವ ಮೊದಲು ಗಾಡಿ ಕೆಳಗೆ ಮಲಗಿ. ಹಿಂದಿನ ಆಕ್ಸಲ್ ಮೇಲ್ಭಾಗದ ಛಾಸಿಯಲ್ಲಿ ವೆಲ್ಡಿಂಗ್ ಗುರುತು, ಪ್ಲೇಟು ಸೆಟ್ಟಿಗೆ, ಅಂದರೆ ಸ್ಪ್ರಿಂಗ್ ಪಟ್ಟಿಗಳಿಗೆ ಸೇರಿಸಿದ ಹೆಚ್ಚುವರಿ ಪಟ್ಟಿ ಕಂಡರೆ ಅದು ಹಸಿ ಸೌದೆಯನ್ನೋ ಇಟ್ಟಿಗೆಯನ್ನೋ ವರ್ಷಗಟ್ಟಲೆ ಹೊತ್ತ ಗಾಡಿ. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ ಅನ್ನಿ.