ಶೆಲ್ ಬೀಳುವಾಗ ಕೂತೇ ಇದ್ದವರು

ಯುದ್ಧದ ಹೆಲಿಕಾಪ್ಟರ್ ಅಂದರೆ ಎಲ್ಲರಿಗೂ ರಾಕೆಟ್, ಮಷಿನ್‌ಗನ್ ನೆನಪಾಗುತ್ತದೆ. ಕಾರ್ಗಿಲ್‌ನಲ್ಲಿ ನಮ್ಮ ಗಾಯಾಳುಗಳನ್ನು ಹೊತ್ತೊಯ್ದ ಚೀತಾ ಹೆಲಿಕಾಪ್ಟರ್‌ನಲ್ಲಿ ಅದ್ಯಾವುದೂ ಇರಲಿಲ್ಲ. ಒಂದೇ ಇಂಜಿನ್. ಮುಂದೆ ಗಾಜಿನ ಗುಳ್ಳೆಯಂಥ ಕಾಕ್‌ಪಿಟ್, ಹಿಂದೆ ಬರೀ ಕೊಳವೆ ಜೋಡಿಸಿದ ಬಾಲ. ಗುಂಡು ತಡೆಯುವ ತಗಡು ಎಲ್ಲೂ ಇಲ್ಲ. ಮೂಲ ವಿನ್ಯಾಸ ಫ್ರಾನ್ಸಿನ ಲಾಮಾ, ಇಲ್ಲಿ ತಯಾರಿಸಿದ್ದು ಎಚ್‌ಎಎಲ್. ಆ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಹಾರಿ ದಾಖಲೆ ಮಾಡಿತ್ತು. ಎತ್ತರಕ್ಕೇನೋ ಹೋಗುತ್ತದೆ, ಸರಿ. ಕೆಳಗಿನಿಂದ, ಮೇಲಿನಿಂದ ಹೊಡೆಯುವವರಿದ್ದರೆ?

ನಾನಾಗ ಒಂದು ಇನ್‌ಫೆಂಟ್ರಿ ಬೆಟಾಲಿಯನ್ ಜೊತೆ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. 1999ರ ಜೂನ್ ಮೊದಲ ದಿನಗಳು, ದ್ರಾಸ್. ತೊಲೊಲಿಂಗ್ ಶಿಖರ ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ಅದು ಬಂದದ್ದು 13ನೇ ತಾರೀಖು. ಹಗಲಲ್ಲಿ ಇಳಿದರೆ ಗುಂಡಿಗೆ ಸಿಗುತ್ತಾರೆ ಅಂತ ಗಾಯಾಳುಗಳನ್ನು ರಾತ್ರಿಯೇ ಕೆಳಗೆ ಹೊತ್ತು ತರುತ್ತಿದ್ದರು. ಡ್ರೆಸ್ಸಿಂಗ್, ಡ್ರಿಪ್ ಎಲ್ಲ ಮುಗಿಯುವಷ್ಟರಲ್ಲಿ ಬೆಳಗಾಗುತ್ತಿತ್ತು. ಯಾರು ಮೊದಲು ಹೋಗಬೇಕು ಅನ್ನುವುದನ್ನು ನಮ್ಮ ಡಾಕ್ಟರ್ ಸಾಹೇಬರು ತೀರ್ಮಾನಿಸುತ್ತಿದ್ದರು. ರಸ್ತೆಯಲ್ಲಿ ಕಳಿಸೋಣ ಅಂದರೆ ಶ್ರೀನಗರ–ಲೇಹ್ ಹೆದ್ದಾರಿ ಆ ಭಾಗದಲ್ಲಿ ಶತ್ರುವಿನ ಕಣ್ಣಳತೆಯಲ್ಲಿತ್ತು. ಲಾರಿ ಕದಲಿದರೆ ಸಾಕು, ಶೆಲ್.

ಹೆಲಿಕಾಪ್ಟರ್‌ಗೂ ಅದೇ ಕಷ್ಟ. ಶಿಖರದ ಮೇಲೆ ಶತ್ರು ಕೂತಿದ್ದ, ಹಾರುವವರು ಅವನ ಕಾಲ ಕೆಳಗೆ ಬರಬೇಕಿತ್ತು. ಮೇ 28ರಂದು ತೊಲೊಲಿಂಗ್ ಹತ್ತಿರ ವಾಯುಪಡೆಯ ಒಂದು ಎಂಐ-17 ಹೆಲಿಕಾಪ್ಟರ್ ಸ್ಟಿಂಗರ್ ಕ್ಷಿಪಣಿಗೆ ಸಿಕ್ಕಿ ಬಿದ್ದಿತ್ತು. ಅದರಲ್ಲಿದ್ದ ನಾಲ್ವರೂ ಹೋದರು. ಅದಾದ ಮೇಲೆ ದಾಳಿಗೆ ಎಂಐ-17 ಕಳಿಸುವುದನ್ನು ನಿಲ್ಲಿಸಿದರು. ಚೀತಾಗಳು ಬರುವುದು ಮಾತ್ರ ನಿಲ್ಲಲಿಲ್ಲ.

ಆ ಬೆಳಿಗ್ಗೆ ನನ್ನ ಹತ್ತಿರ ಇಬ್ಬರಿದ್ದರು. ಒಬ್ಬನಿಗೆ ಹೊಟ್ಟೆಗೆ ಸ್ಪ್ಲಿಂಟರ್. ಇನ್ನೊಬ್ಬನಿಗೆ ಮೊಣಕಾಲಿನ ಕೆಳಗೆ ಗುಂಡು. ಚೀತಾ ಹೊಳೆಯ ಕಮರಿಯ ಗುಂಟ ತೀರಾ ತಗ್ಗಿನಲ್ಲಿ ಬಂತು. ಗಾಳಿಯ ದಿಕ್ಕು ಗೊತ್ತಾಗಲಿ ಅಂತ ನಾನು ಹೊಗೆ ಹಚ್ಚಿದ್ದೆ. ಇಳಿದ ಮೇಲೂ ಇಂಜಿನ್ ನಿಲ್ಲಿಸಲಿಲ್ಲ. ಆ ಎತ್ತರದಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತೆ ಅನ್ನುವ ಖಾತ್ರಿ ಇಲ್ಲ. ಧೂಳು, ಸಣ್ಣ ಕಲ್ಲು ಮುಖಕ್ಕೆ ರಪರಪ ಹೊಡೆಯುತ್ತಿತ್ತು.

ಮೊದಲ ಸ್ಟ್ರೆಚರ್ ಅರ್ಧ ಒಳಗೆ ಹೋಗಿತ್ತು. ಹೊಳೆಯಾಚೆ ಒಂದು ಶೆಲ್ ಬಿತ್ತು. ಎರಡನೆಯದು ಈಚೆ. ನಾವು ಸ್ಟ್ರೆಚರ್ ಅನ್ನು ಒಳಗೆ ದೂಡಿ ನೆಲಕ್ಕೆ ಬಿದ್ದೆವು. ಅಭ್ಯಾಸ, ಯೋಚನೆ ಮಾಡುವ ಮೊದಲೇ ಮೈ ಮಲಗಿರುತ್ತದೆ. ತಲೆ ಎತ್ತಿ ನೋಡಿದರೆ ಪೈಲಟ್ ಕೂತೇ ಇದ್ದಾರೆ. ಕೂರದೆ ಇನ್ನೇನು ಮಾಡಬಹುದಿತ್ತು ಹೇಳಿ? ಎಡಗೈ ಒಂದು ಲಿವರ್ ಮೇಲೆ, ಬಲಗೈ ಇನ್ನೊಂದರ ಮೇಲೆ. ರೋಟರ್ ತಿರುಗುವಾಗ ಎರಡನ್ನೂ ಬಿಡುವ ಹಾಗಿಲ್ಲ. ಬಗ್ಗುವಂತಿಲ್ಲ, ಬಚ್ಚಿಟ್ಟುಕೊಳ್ಳುವಂತಿಲ್ಲ. ಶೆಲ್ ಬಿದ್ದ ಕಡೆ ಅವರು ನೋಡಲೂ ಇಲ್ಲ, ನಮ್ಮ ಕಡೆ ನೋಡುತ್ತಿದ್ದರು. ಪಕ್ಕದ ಕೋ-ಪೈಲಟ್ ಹಿಂದಕ್ಕೆ ತಿರುಗಿ ಡ್ರಿಪ್ ಬಾಟಲಿಯನ್ನು ಎತ್ತಿ ಹಿಡಿದಿದ್ದರು.

ನಾನು 'ಹೋಗಿ' ಅಂತ ಕೈ ಬೀಸಿದೆ. ಪೈಲಟ್ ತಲೆಯಾಡಿಸಿ, ಕಾಲಿಗೆ ಗುಂಡು ಬಿದ್ದವನ ಕಡೆ ಗದ್ದದಿಂದಲೇ ತೋರಿಸಿದರು. ಅವನೂ ಬರಲಿ ಅಂತ. ಅವನನ್ನು ಮೊಣಕಾಲು ಮಡಚದ ಹಾಗೆ ಓರೆಯಾಗಿ ತುರುಕಿದೆವು.

ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ. ಇಲ್ಲ. ದ್ರಾಸ್ ಇರುವುದೇ 10 ಸಾವಿರ ಅಡಿಗೂ ಮೇಲೆ, ಅಲ್ಲಿ ಗಾಳಿ ತೆಳು. ಬಿಸಿಲೇರಿದ ಹಾಗೆ ಇನ್ನೂ ತೆಳುವಾಗುತ್ತದೆ. ಭಾರ ಜಾಸ್ತಿಯಾದರೆ ಮೇಲೆದ್ದದ್ದು ಹಾಗೇ ಕೆಳಗೆ ಕೂರುತ್ತದೆ. ಅವರು ಮೆಲ್ಲಗೆ ಒಂದು ಗೇಣು ಮೇಲೆತ್ತಿದರು. ಅಲ್ಲೇ ನಿಲ್ಲಿಸಿ ಡಯಲ್ ನೋಡಿದರು. ನನಗೆ ಹೊಟ್ಟೆಯಲ್ಲಿ ಸಂಕಟ. ಅಷ್ಟು ಹೊತ್ತೂ ಅವರ ಕೈ ಅಲುಗಲಿಲ್ಲ. ಆಮೇಲೆ ಮೂತಿ ತಗ್ಗಿಸಿ, ನೆಲ ಸವರಿಕೊಂಡೇ ವೇಗ ಹಿಡಿದು ಕಮರಿಯೊಳಗೆ ಇಳಿದುಬಿಟ್ಟರು. ಮುಂದಿನ ಶೆಲ್ ಎಲ್ಲೋ ದೂರ ಬಿತ್ತು. ಸಿನಿಮಾ ಆಗಿದ್ದರೆ ಅವರು ಬಿಟ್ಟ ಜಾಗದಲ್ಲೇ ಬೀಳಬೇಕಿತ್ತು, ಅಲ್ವಾ?

ಧೈರ್ಯ ಅಂದರೆ ನುಗ್ಗುವುದು ಅಂತ ಪಡೆಯಲ್ಲೂ ಎಷ್ಟೋ ಜನ ಅಂದುಕೊಂಡಿರುತ್ತಾರೆ. ನುಗ್ಗುವವನಿಗೆ ಓಡಲು ಕಾಲಾದರೂ ಇರುತ್ತದೆ. ಅವಸರ ಮಾಡದೆ ಲೆಕ್ಕ ನೋಡುತ್ತ ಆ ಗಾಜಿನೊಳಗೆ ಕೂರುವುದು ಬೇರೆಯೇ. ನನ್ನಿಂದಂತೂ ಆಗುತ್ತಿರಲಿಲ್ಲ.

ಅದೇ ಬೆಳಿಗ್ಗೆ ಅವರು ಮತ್ತೆ ಬಂದರು. ಚೀತಾದ ನೆಲ ಒದ್ದೆಯಾಗಿತ್ತು, ರಕ್ತ ತೊಳೆದು ಬಂದಿದ್ದರು. ರೋಟರ್ ಸದ್ದಿನಲ್ಲಿ ಕೋ-ಪೈಲಟ್ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದರು: "ಹೊಟ್ಟೆಯವನನ್ನು ಆಪರೇಷನ್‌ಗೆ ತಗೊಂಡಿದ್ದಾರೆ. ಜೀವ ಇದೆ." ಪೈಲಟ್ ಈ ಸಲವೂ ನಮ್ಮ ಕಡೆ ನೋಡುತ್ತಲೇ ಇದ್ದರು.

ಆ ಜಾಗ ಶತ್ರುವಿಗೆ ಗೊತ್ತಾಗಿದೆ ಅಂತ ಮಧ್ಯಾಹ್ನ ನಾವು ಹೆಲಿಪ್ಯಾಡ್ ಅನ್ನು ಬಂಡೆಗಳ ಮರೆಗೆ ಬದಲಾಯಿಸಿದೆವು. ತೀರಾ ಇಕ್ಕಟ್ಟು, ಒಂದು ಕಡೆ ಇಳಿಜಾರು ಬೇರೆ. ಮರುದಿನ ರೇಡಿಯೋದಲ್ಲಿ ಅದನ್ನೆಲ್ಲ ವಿವರಿಸಿದಾಗ ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಗಾಳಿ ಯಾವ ಕಡೆಯಿಂದ?"