ಅಳಿಯನ ರೈಫಲ್, ಅಜ್ಜನ ಬೆಡಿ

ಕಳೆದ ಓಣಂ ಹೊತ್ತಿಗೆ ಟೆಕ್ಸಾಸಿನಲ್ಲಿರುವ ಅಳಿಯ, ಅಕ್ಕನ ಮಗ, ಒಂದು ಫೋಟೋ ಕಳಿಸಿದ. ಊಟದ ಮೇಜಿನ ಮೇಲೆ ಟವೆಲ್ ಹಾಸಿ ಕಪ್ಪು ರೈಫಲ್ಲೊಂದನ್ನು ಬಿಚ್ಚಿ ಹರಡಿದ್ದ. ನಾವು ಅಡಿಕೆ ಸುಲಿಯುವ ಮೆಷಿನು ಬಿಚ್ಚಿ ಗ್ರೀಸು ಹಾಕುವಾಗ ಹರಡಿಕೊಳ್ಳುತ್ತೇವಲ್ಲ, ಥೇಟ್ ಹಾಗೆ. "ಮಾವ, ಇದೊಂದಿದ್ದರೆ ನಿಮ್ಮ ಹಂದಿ ಕಾಟ ಮುಗೀತು" ಅಂತ ಕೆಳಗೆ ಬರೆದಿದ್ದ.

ಎಆರ್-15 ಮಾದರಿಯದು. ಎಆರ್ ಅಂದರೆ ಅದನ್ನು ಮೊದಲು ರೂಪಿಸಿದ ಆರ್ಮಲೈಟ್ ಕಂಪೆನಿಯ ಹೆಸರಿನ ಗುರುತು. ಅದರ ಚಂದ ಇರುವುದು ಬಿಡಿ ಭಾಗಗಳಲ್ಲಿ. ಕುದುರೆ (ಟ್ರಿಗರ್), ಹಿಡಿ ಇರುವ ಕೆಳಗಿನ ತುಂಡು ಒಂದು. ನಳಿಗೆ ಕೂರುವ ಮೇಲಿನ ತುಂಡು ಇನ್ನೊಂದು. ಎರಡು ಪಿನ್ನು ತಳ್ಳಿದರೆ ಬೇರೆ ಬೇರೆ. ಅಲ್ಲಿನ ಕಾನೂನಿಗೆ ನಂಬರ್ ಹೊಡೆದ ಕೆಳಗಿನ ತುಂಡೇ 'ಕೋವಿ'. ಮೇಲಿನದನ್ನು ಸೈಕಲ್ಲಿನ ಬಿಡಿಭಾಗದ ಹಾಗೆ ತರಿಸಿಕೊಳ್ಳಬಹುದಂತೆ. ಇವನ ಹತ್ತಿರ .223 ನಳಿಗೆಯದೊಂದು, .300 ಬ್ಲ್ಯಾಕ್‌ಔಟ್ ನಳಿಗೆಯದೊಂದು (ಈ ಸಂಖ್ಯೆಗಳು ಗುಂಡಿನ ದಪ್ಪದ ಅಳತೆ, ಇಂಚಿನಲ್ಲಿ). ಬೋಲ್ಟು ಅದೇ, ಮ್ಯಾಗಜೀನು ಅದೇ, ನಳಿಗೆ ಮಾತ್ರ ಬೇರೆ. ಅನುಕೂಲವೂ ಅದೇ, ಗಂಡಾಂತರವೂ ಅದೇ. ಅಪ್ಪಿತಪ್ಪಿ .300ರ ತೋಟೆ .223ರ ನಳಿಗೆಗೆ ಹೋಗಿ ಕುದುರೆ ಎಳೆದರೆ ಕೋವಿ ಕೈಯಲ್ಲೇ ಒಡೆಯುತ್ತದೆ. ಅದಕ್ಕೇ ಮ್ಯಾಗಜೀನುಗಳಿಗೆ ಕೆಂಪು, ಹಸಿರು ಟೇಪು ಸುತ್ತಿಟ್ಟುಕೊಂಡಿದ್ದಾನೆ.

ನನಗೆ ಸೋಜಿಗವೆನಿಸಿದ್ದು ಬೇರೆ ವಿಷಯ. ಇವನಿರುವುದು ಕೆಲಸದ ವೀಸಾದಲ್ಲಿ. ಅಂಥವರು ಅಲ್ಲಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ ಅಂತಲೇ ಕಾನೂನು. ಆದರೆ ಅಲ್ಲಿನ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ! ಹಾಗೆ ಮೊದಲು ಬೇಟೆ ಲೈಸೆನ್ಸ್ ಮಾಡಿಸಿ, ಆಮೇಲೆ ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿಸಿ, ಎಫ್‌ಬಿಐಯವರ ತಪಾಸಣೆ ಮುಗಿಸಿ, ಅದೇ ದಿನ ಸಂಜೆ ಮನೆಗೆ ತಂದನಂತೆ. ಮನೆಯಲ್ಲಿ ನೀರುಳ್ಳಿಯನ್ನೂ ತಿನ್ನದೆ ಬೆಳೆದವ ಬೇಟೆ ಲೈಸೆನ್ಸ್ ಮಾಡಿಸಿದ ಸುದ್ದಿ ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಅವಳು ಇದನ್ನು ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಈಗ ನಮ್ಮ ಕಥೆ. ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ, ಮೂರು ಕಡೆ ಗುಡ್ಡೆ, ನಡುವೆ ತೋಟ, ಸುರಂಗದ ನೀರು. ಹತ್ತು ವರ್ಷದ ಹಿಂದೆ ಹಂದಿ ಬಂತು ಅಂದರೆ ಸುದ್ದಿ. ಈಗ ಬಾರದಿದ್ದರೆ ಸುದ್ದಿ. ನೆಟ್ಟ ಅಡಿಕೆ ಸಸಿಯ ಬುಡ ಒಕ್ಕಿ, ತೆಂಗಿನ ಸಸಿಯ ಮೊಳಕೆ ಜಗಿದು, ಕೆಸು, ಮರಗೆಣಸು ಎಲ್ಲ ಮುಗಿಸಿ ಹೋಗುತ್ತವೆ. ಮನೆಯಲ್ಲಿ ಒಂದು ಬೆಡಿ, ಅಂದರೆ ಕೋವಿ, ಇದೆ. ಒಂಟಿ ನಳಿಗೆಯ ಹನ್ನೆರಡು ಬೋರಿನದು. ಅಜ್ಜ ಮಂಗಳೂರಲ್ಲಿ ತೆಗೆದದ್ದು, ನಾವೆಲ್ಲ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದಾಗ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕೆ ಬೆಡಿ ಗೋಡೆಯಲ್ಲೇ ಇತ್ತು, ಅದರ ಕಾಗದ ಮಾತ್ರ ತೆಂಕಕ್ಕೆ ತಿರುಗಿತು. ಆಮೇಲೆ ನವೀಕರಣಕ್ಕೆ ಕಣ್ಣೂರು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾದ ಮೇಲೆ ವಿದ್ಯಾನಗರ.

ಅಪ್ಪನಿಗೆ ಎಪ್ಪತ್ತು ದಾಟಿದ ಮೇಲೆ ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. 2016ರ ಆಯುಧ ನಿಯಮಗಳಲ್ಲಿ ಅದಕ್ಕೆ ದಾರಿ ಇದೆ: ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ, ಇಲ್ಲವೇ ಕೋವಿ ಇಪ್ಪತ್ತೈದು ವರ್ಷ ಅವನ ಕೈಯಲ್ಲಿದ್ದರೆ, ಬದುಕಿರುವಾಗಲೇ ವಾರಸುದಾರನಿಗೆ ಕೊಡಿಸಬಹುದು. ದಾರಿ ಇದೆ ಅಂದರೆ ಡಾಮರು ಹಾಕಿದೆ ಅಂತ ಅಲ್ಲ. ಅಕ್ಷಯ ಕೇಂದ್ರದಲ್ಲಿ ಕೂತು ಅರ್ಜಿ ತುಂಬಿಸುವಾಗಲೇ ತೊಡಕು. ಆಧಾರದಲ್ಲಿ ನಾನು 'ಭಟ್', ಹಳೆ ಲೈಸೆನ್ಸಿನಲ್ಲಿ ಅಪ್ಪ 'ಭಟ್ಟ', ಭೂತೆರಿಗೆಯ ಮಲಯಾಳ ರಸೀದಿಯಲ್ಲಿ ಮನೆ ಹೆಸರು ಮುಂದೆ ಬಂದು ಇನಿಷಿಯಲ್ ಹಿಂದೆ. ಗಡಿನಾಡಿನವನಿಗೆ ಮೂರು ಭಾಷೆಯಲ್ಲಿ ಮೂರು ಹೆಸರು. ಮೂರೂ ಒಂದೇ ಮನೆಯವರದು ಅಂತ ವಿಲ್ಲೇಜ್ ಆಫೀಸಿನಿಂದ ಕಾಗದ ತಂದೆ. ಪೊಲೀಸ್ ವರದಿ ಮೂವತ್ತು ದಿನದಲ್ಲಿ ಬರಬೇಕು ಅಂತ ನಿಯಮ ಹೇಳುತ್ತದೆ. ನನ್ನ ಕಡತ ಎಲ್ಲೋ ಒಂದು ಮೇಜಿನಲ್ಲಿ ಒಂದು ಮಳೆಗಾಲ ಪೂರ್ತಿ ಮಲಗಿತ್ತು. ಕೋವಿ ಹಿಡಿಯುವ, ಗುಂಡು ಇಲ್ಲವೆಂದು ನೋಡಿ ಖಾತ್ರಿ ಮಾಡುವ ತರಬೇತಿಯ ಸರ್ಟಿಫಿಕೇಟೂ ಬೇಕು. ಅದು ಬೇಕಾದದ್ದೇ, ನಲವತ್ತು ವರ್ಷ ಬೆಡಿ ನೋಡಿಕೊಂಡು ಬೆಳೆದ ನಾನು ಕುದುರೆಯ ಮೇಲಿಂದ ಬೆರಳು ತೆಗೆಯಲು ಕಲಿತದ್ದು ಅಲ್ಲಿಯೇ.

ಹೆಸರಿಗಾಯಿತು ಅಂತ ಬೆಡಿಯನ್ನು ಒಮ್ಮೆ ಬಲ್ಲವರಿಗೆ ತೋರಿಸಿದೆ. ಅವರು ನಳಿಗೆ ಮಡಚಿ, ಕಣ್ಣಿಗೆ ಹಿಡಿದು, ಅಡಿಯಲ್ಲಿ ಹೊಡೆದಿದ್ದ ಬರ್ಮಿಂಗ್‌ಹ್ಯಾಮ್ ಮುದ್ರೆಯನ್ನು ಉಗುರಲ್ಲಿ ಕೆರೆದು ತೋರಿಸಿದರು. ಎರಡೂವರೆ ಇಂಚು ಅಂತ ಇತ್ತು. ತೋಟೆ ಕೂರುವ ಗೂಡಿನ ಅಳತೆ ಅದು, ಸುಮಾರು 65 ಮಿಲಿಮೀಟರು. ಈಗ ಅಂಗಡಿಯಲ್ಲಿ ಸಿಗುವ ತೋಟೆ ಹೆಚ್ಚಾಗಿ 70ರದ್ದು. ಮೋಸ ಏನೆಂದರೆ, 70ರ ತೋಟೆ ಆ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ. ತೋಟೆಯ ಅಳತೆಯನ್ನು ಹೇಳುವುದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದದಿಂದ. ಮಡಚಿದ ಬಾಯಿ ಹಾರುವಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. "ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ" ಅಂದೆ. "ಆಗುವ ದಿನ ಒಂದೇ ಸಲ ಆಗುವುದು" ಅಂದರು. ಬೆಡಿಗೆ ಅಲ್ಲಿಗೆ ನಿವೃತ್ತಿ.

ಅಂದರೆ ಇನ್ನೊಂದು ಬೇಕು. ಒಂದು ಲೈಸೆನ್ಸಿನಲ್ಲಿ ಮೊದಲು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿ, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ನನಗೆ ಒಂದು ಜಾಗ ಖಾಲಿ ಇತ್ತು. ತಲೆಯಲ್ಲಿ ಅಳಿಯನ ಫೋಟೋ ಇತ್ತು.

ಅವನ ಕೋವಿ ನಮ್ಮಲ್ಲಿ ಆಗದು. ಕುದುರೆ ಎಳೆದಷ್ಟು ಸಲ ತಾನೇ ತೋಟೆ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ರೈಫಲ್ ಇಲ್ಲಿ ನಿಷೇಧಿತ ಪಟ್ಟಿಯದು, ನನ್ನಂಥ ಕೃಷಿಕನಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡುವಂಥದ್ದಲ್ಲ. ನಳಿಗೆ ಬದಲಿಸುವ ಮಾತೂ ಬೇಡ. ನಮ್ಮ 1959ರ ಕಾಯ್ದೆ ಆಯುಧದ ಬಿಡಿಭಾಗವನ್ನೂ ಆಯುಧ ಅಂತಲೇ ಹೇಳುತ್ತದೆ. .303, 7.62ರ ಸರಕಾರಿ ಗುಂಡು ಹಾರಿಸಬಲ್ಲ ರೈಫಲ್ಲು ಕೂಡ ನಿಷೇಧಿತವೇ. ಸೈನ್ಯದ ಗುಂಡು ಹೊರಗಿನ ಕೋವಿಗೆ ಹೊಂದಬಾರದು ಅನ್ನುವುದು ಬ್ರಿಟಿಷರ ಕಾಲದ ಹೆದರಿಕೆ. .315 ಇಲ್ಲಿ ಇಷ್ಟು ಬಳಕೆಗೆ ಬಂದದ್ದರ ಹಿಂದೆ ಇರುವುದೂ ಅದೇ ಹೆದರಿಕೆ. ಇಶಾಪುರದ ಸರಕಾರಿ ರೈಫಲ್ ಕಾರ್ಖಾನೆ ಮಾಡುವ .22, .315, .30-06 ಇವಿಷ್ಟೇ ನನ್ನ ಕಣ್ಣೆದುರಿಗಿದ್ದ ಆಯ್ಕೆ.

.22 ಅಗ್ಗ, ಸದ್ದು ಕಡಿಮೆ, ಆದರೆ ಹಂದಿಗಲ್ಲ. ಬೋರಿನ ಲೆಕ್ಕ ಇಲ್ಲಿ ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. .22 ಅಂದರೂ .223 ಅಂದರೂ ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ, ಐದೂವರೆ ಮಿಲಿಮೀಟರಿನ ಆಸುಪಾಸು. ಹಿಂದಿನ ಮದ್ದು ಬೇರೆ. ಮೊದಲನೆಯದು ಎರಡೂವರೆ ಗ್ರಾಮಿನ ಸೀಸವನ್ನು ಸೆಕೆಂಡಿಗೆ 350 ಮೀಟರಿನ ಹಾಗೆ ದೂಡಿದರೆ, ಎರಡನೆಯದು ಮೂರೂವರೆ ಗ್ರಾಮನ್ನು 950 ದಾಟಿಸುತ್ತದೆ. ಹೊಡೆತ ಹತ್ತು ಪಾಲು. .22ರಲ್ಲಿ ಹೊಡೆದ ಹಂದಿ ಸಾಯುವುದಿಲ್ಲ, ಗಾಯವಾಗಿ ಓಡುತ್ತದೆ. ಬೆಳಗ್ಗೆ ಹುಲ್ಲು ಕೊಯ್ಯಲು ಹೋಗುವ ಹೆಂಗಸಿನ ಮೇಲೆ ಬೀಳುವುದು ಅಂಥದ್ದೇ ಹಂದಿ. ಹಾಗಾಗಿ .315. ಎಂಟು ಮಿಲಿಮೀಟರಿನ ಭಾರದ ಗುಂಡು, ಮೂತಿಯಲ್ಲಿ ಸೀಸ ಬಿಟ್ಟದ್ದು, ತಾಗಿದಲ್ಲಿ ಹರಡುತ್ತದೆ. ಅರ್ಜಿಯಲ್ಲಿ ರೈಫಲ್ ಅಂತ ಬರೆಸಿಯೇ ಬಿಟ್ಟೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಉದ್ದುತ್ತಾ ಇದ್ದವರು ತಲೆ ಎತ್ತಲಿಲ್ಲ. "ಆ ಗುಂಡು ಎಲ್ಲಿ ಹೋಗಿ ನಿಲ್ಲುತ್ತು ಹೇಳಿ ಗೊಂತಿದ್ದೊ ನಿನಗೆ?" ಅಂದರು.

ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆ ಹಗ್ಗ ಹಿಡಿದುಕೊಂಡು ತೋಟಕ್ಕಿಳಿದೆ. ಹಂದಿ ನುಗ್ಗುವ ಕಂಡಿ ತೋಟದ ಕರೆಯಲ್ಲಿ. ನಾನು ಕೂರುವ ಅಟ್ಟಣಿಗೆಯಿಂದ ಅಲ್ಲಿಗೆ ಇಪ್ಪತ್ತೆಂಟು ಮೀಟರು. ಕಂಡಿಯ ಹಿಂದೆ ತೋಡು, ತೋಡಿನಾಚೆ ಪಕ್ಕದವರ ತೋಟ, ಅಡಿಕೆ ಮರಗಳ ಸಂದಿಯಲ್ಲಿ ಅವರ ಹಟ್ಟಿಯ ಶೀಟು ಬೆಳ್ಳಗೆ ಕಾಣುತ್ತಿತ್ತು: ನೂರ ಮೂವತ್ತು ಮೀಟರು. ಬಲಕ್ಕೆ ಮುರಕಲ್ಲಿನ ಬರೆ. ಗುಂಡು ಅದಕ್ಕೆ ಓರೆಯಾಗಿ ತಾಗಿದರೆ ಎತ್ತ ಸಿಡಿಯುತ್ತದೆ ಅಂತ ದೇವರಿಗೇ ಗೊತ್ತು. ಮೇಲೆ ಪಾರೆ, ಪಾರೆಯಲ್ಲಿ ಮದ್ರಸಕ್ಕೆ ಹೋಗುವ ಮಕ್ಕಳ ಕಾಲುದಾರಿ. ಬಡಪಾಯಿ .22ರ ಪೆಟ್ಟಿಗೆಯ ಮೇಲೇ ಒಂದು ಮೈಲಿವರೆಗೆ ಅಪಾಯ ಅಂತ ಬರೆದಿರುತ್ತಾರೆ. .315 ಇನ್ನೂ ಆಚೆ ಹೋಗುವಂಥದ್ದು. ಟೆಕ್ಸಾಸಿನ ಬಯಲಿನಲ್ಲಿ ಇನ್ನೂರು ಮೀಟರಿಗೆ ಗುರಿಯಿಡುವವನಿಗೆ ರೈಫಲ್ ಸರಿ. ನನಗೆ ಬೇಕಿದ್ದದ್ದು ಇಪ್ಪತ್ತೆಂಟು ಮೀಟರಿನಲ್ಲಿ ಗಟ್ಟಿಯಾಗಿ ತಾಗಿ, ಆಚೆಗೆ ಬೇಗ ಸುಸ್ತಾಗುವ ಈಡು.

ಅದು ಹನ್ನೆರಡು ಬೋರಿನದೇ. ಬೋರಿನ ಲೆಕ್ಕ ತಮಾಷೆಯದು: ಒಂದು ಪೌಂಡು ಸೀಸದಿಂದ ಒಂದೇ ಸಮದ ಹನ್ನೆರಡು ಗೋಲಿ ಮಾಡಿದರೆ ಒಂದೊಂದು ಗೋಲಿ ಹಿಡಿಯುವ ನಳಿಗೆ ಅದು, ಸುಮಾರು ಹದಿನೆಂಟೂವರೆ ಮಿಲಿಮೀಟರು. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಅಳಿಯನಿಗೆ ಇದನ್ನು ಹೇಳಿದಾಗ ಅವನಿಗೆ ನಮ್ಮ ಮಾಡ್ಯುಲರ್ (ಭಾಗ ಬದಲಿಸಿಕೊಳ್ಳುವ ಏರ್ಪಾಡು) ಯಾವುದು ಅಂತಲೂ ಹೇಳಿದೆ. ಅವನು ನಳಿಗೆ ಬದಲಿಸುತ್ತಾನೆ. ನಾವು ತೋಟೆ ಬದಲಿಸುತ್ತೇವೆ. ಅದೇ ಕೋವಿಯಲ್ಲಿ ಸಾಸಿವೆಯಂಥ ಚರೆ, ಎಂಟು ಮಿಲಿಮೀಟರು ದಾಟಿದ ದಪ್ಪ ಕಾಳಿನ ಎಸ್‌ಜಿ, ಒಂಬತ್ತು ದಾಟಿದ ಕಾಳಿನ ಎಲ್‌ಜಿ, ಬೇಕಾದರೆ ಒಂಟಿ ಗುಂಡು. ಜೋಡು ನಳಿಗೆಯದಾದರೆ ಏಕಕಾಲಕ್ಕೆ ಎರಡು ಬಗೆ.

ತರಬೇತಿಯ ಕಡೆ ಕಾಗದ ಕಟ್ಟಿ ಎಸ್‌ಜಿ ಹೊಡೆದು ನೋಡಿದ್ದೆ. ಇಪ್ಪತ್ತೈದು ಮೀಟರಿನಲ್ಲಿ ಕಾಳುಗಳೆಲ್ಲ ಒಂದು ಹರಿವಾಣದೊಳಗೆ. ನಲವತ್ತಕ್ಕೆ ಹೋದರೆ ಎರಡೇ ಎರಡು ತೂತು, ಉಳಿದದ್ದು ಎಲ್ಲಿ ಹೋಯಿತೋ. ಹಾಗಾಗಿ ಮೂವತ್ತರಿಂದಾಚೆ ನಿಂತ ಹಂದಿಗೆ ಹೊಡೆಯುವುದಿಲ್ಲ ಅಂತ ಅಟ್ಟಣಿಗೆಯಿಂದ ಮೂವತ್ತಕ್ಕೆ ಒಂದು ಅಡಿಕೆ ಮರಕ್ಕೆ ಸುಣ್ಣ ಬಳಿದಿದ್ದೇನೆ.

ರೈಫಲ್ ಅಂತ ಬರೆಸಿದ್ದನ್ನು ತಿದ್ದಿಸಲು ನಾಲ್ಕು ತಿಂಗಳು ಹೋಯಿತು. ಇದರಲ್ಲಿ ಯಾರನ್ನೂ ದೂರುವ ಹಾಗಿಲ್ಲ, ಹಗ್ಗ ಹಿಡಿದು ಅಳೆಯುವ ಮೊದಲು ಅರ್ಜಿ ಹಾಕಿದ್ದು ನಾನೇ.

ಕೊಳ್ಳುವಾಗ ಇನ್ನೊಂದು. ಗಡಿಯ ತಲಪಾಡಿ ದಾಟಿದರೆ ಮಂಗಳೂರು. ಚಿನ್ನಕ್ಕೆ, ಆಸ್ಪತ್ರೆಗೆ, ಮದುವೆ ಸೀರೆಗೆ ನಾವು ಹೋಗುವುದೆಲ್ಲ ಅಲ್ಲಿಗೆ. ಆದರೆ ನನ್ನ ಲೈಸೆನ್ಸಿನ ವ್ಯಾಪ್ತಿ ಕೇರಳ. ಅಜ್ಜ ಬೆಡಿ ತಂದ ಊರಿಗೆ ಅದೇ ಬೆಡಿಯನ್ನು ನಾನು ರಿಪೇರಿಗೆ ಒಯ್ದರೆ ಅಪರಾಧ. ಹಾಗೆ ತೆಂಕಕ್ಕೆ ಕಾರು ತಿರುಗಿಸಿ, ಕೇರಳದೊಳಗಿನ ಅಂಗಡಿಯೊಂದರಲ್ಲಿ ಜೋಡು ನಳಿಗೆಯದು ತೆಗೆದೆ. ಅಂಗಡಿಯವರು .315 ಒಂದನ್ನು ಸುಮ್ಮನೆ ಕೈಗಿತ್ತರು. ಬೋಲ್ಟು ಎಳೆದರೆ ಎಣ್ಣೆ ಸವರಿದ ಕಬ್ಬಿಣದ ಆ ಸದ್ದು, ಗೋಡಂಬಿ ಮರದ ಮೇಣದಂಥ ವಾಸನೆ... ಆಸೆ ಸತ್ತಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಹಿಂದಿರುಗಿಸಿ, ಜೋಡು ನಳಿಗೆಯ ಗೂಡು 70 ಅಂತ ಬೆಳಕಿಗೆ ಹಿಡಿದು ಓದಿಕೊಂಡೆ. ಎಡ ನಳಿಗೆಗೆ ಬಾಯಿಯ ಹತ್ತಿರ ಚೋಕ್, ಕಿರಿದು. ಒಂಟಿ ಗುಂಡು ಏನಿದ್ದರೂ ಬಲದ ನಳಿಗೆಗೆ ಮಾತ್ರ ಅಂತ ಅವರು ಎರಡು ಸಲ ಹೇಳಿದರು. ತೋಟೆ ಎಷ್ಟು ಕೊಟ್ಟರು ಅನ್ನುವುದನ್ನು ಲೈಸೆನ್ಸಿನಲ್ಲಿ ಬರೆದು ಸೀಲು ಹಾಕಿದರು.

ಕೋವಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದು ಅಂತ ಅಲ್ಲ, ಇದನ್ನು ನಮ್ಮೂರಲ್ಲೇ ಎಷ್ಟೋ ಮಂದಿ ತಿಳಿದುಕೊಂಡಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಬೇರೆ, ಕೊಲ್ಲುವ ಅನುಮತಿ ಬೇರೆ. 2022ರಿಂದ ಕೇರಳದಲ್ಲಿ ಆ ಅಧಿಕಾರ ಪಂಚಾಯತು ಅಧ್ಯಕ್ಷರಿಗೂ ಬಂದಿದೆ. ಅವರು ಒಪ್ಪಿದ ಲೈಸೆನ್ಸುದಾರರು ಮಾತ್ರ ಹೊಡೆಯಬೇಕು. ವಿಷ, ಕರೆಂಟು ಕೂಡದು. ಸತ್ತ ಹಂದಿಯನ್ನು ಹೂಳಬೇಕು, ಪಾಲು ಹಾಕುವ ಹಾಗಿಲ್ಲ. ನಮ್ಮ ಮನೆಗೆ ಅದೊಂದು ಕಷ್ಟವಲ್ಲ, ಆದರೆ ಹೊಂಡ ತೋಡುವವರ ಮುಖ ನೋಡಲಾಗದು.

ಅಜ್ಜನ ಬೆಡಿಯನ್ನು ಲೈಸೆನ್ಸಿನಲ್ಲೇ ಉಳಿಸಿಕೊಂಡಿದ್ದೇನೆ. ಅದಕ್ಕೆ ತೋಟೆ ತರುವುದಿಲ್ಲ. ಆದರೂ ಚುನಾವಣೆ ಘೋಷಣೆಯಾಗಿ ಠಾಣೆಗೊಪ್ಪಿಸಿ ಅಂತ ನೋಟಿಸು ಬಂದಾಗ ಎರಡನ್ನೂ ಒಯ್ಯಬೇಕು. ಕಳೆದ ಸಲ ಹೊರಟಾಗ ಅಪ್ಪ ಜಗಲಿಯಿಂದ ಕರೆದರು. ಹೊಸದು ಅದರ ಚೀಲದಲ್ಲಿತ್ತು. ಹಳೆಯದನ್ನು ನನ್ನ ಕೈಯಿಂದ ತೆಗೆದುಕೊಂಡು, ನಳಿಗೆ ಮಡಚಿ ಬೆಳಕಿಗೆ ಹಿಡಿದು ನೋಡಿ, ಅಜ್ಜಿಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಬಾಳೆನಾರಿನಲ್ಲಿ ಎರಡು ಕಡೆ ಕಟ್ಟಿದರು. "ಗೋಡೆಗೆ ಒರಗಿಸಿ ಮಡುಗೆಡಿ ಹೇಳು ಅವಕ್ಕೆ, ಅಡ್ಡ ಮಡುಗಲಿ" ಅಂದರು. ಠಾಣೆಯಲ್ಲಿ ಹೇಳಿದೆ. ರಸೀದಿ ಬರೆಯುತ್ತಿದ್ದ ಪೊಲೀಸು ನಕ್ಕು, ಎದ್ದು ಹೋಗಿ ಅದನ್ನು ಕಪಾಟಿನ ಮೇಲೆ ಅಡ್ಡ ಇಟ್ಟರು.