ಅಕ್ಕಿ ಒದಗಲಿಲ್ಲ, ಸೊಂಟ ಇಳಿಯಲಿಲ್ಲ

ಕೊನೆಗೂ ಸಿಕ್ಕಿತು ಮಾರಾಯ್ರೆ. ಕೊಬ್ಬು ಇಳಿಸಲು ಲೆಕ್ಕ ಹಾಕಿ ಉಣ್ಣುತ್ತಿದ್ದರೂ ಸೊಂಟ ಅಳೆಯುವ ಟೇಪು ಯಾಕೆ ಕದಲುತ್ತಿಲ್ಲ ಅಂತ ಗೊತ್ತಾಯಿತು. ಕಳ್ಳ ಇದ್ದದ್ದು ಅನ್ನದ ಪಾತ್ರೆಯೊಳಗೆ.

ನಾನು ಮಾಡುವುದು ಕಾರ್ಬ್ ಸೈಕ್ಲಿಂಗ್, ಅಂದರೆ ಕಾರ್ಬ್ (ಅನ್ನದಂಥ ಪಿಷ್ಟ) ಕೆಲವು ದಿನ ಜಾಸ್ತಿ, ಕೆಲವು ದಿನ ಕಡಿಮೆ ತಿನ್ನುವುದು. ಸ್ಕ್ವಾಟ್, ಡೆಡ್‌ಲಿಫ್ಟ್, ರೋ ಅಂತ ಭಾರ ಎತ್ತುವ ವ್ಯಾಯಾಮ ಇರುವ ಮೂರು ದಿನ ಕಾರ್ಬ್ ಜಾಸ್ತಿ, ಉಳಿದ ನಾಲ್ಕು ದಿನ ಕಡಿಮೆ. ಪ್ರೋಟೀನ್ ಮಾತ್ರ ದಿನಾ ಒಂದೇ, ದೇಹದ ಪ್ರತಿ ಕಿಲೋಗೆ 2 ಗ್ರಾಂ. ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ. ಕೊಬ್ಬು ಕರಗಿಸುವುದು ವಾರದ ಒಟ್ಟು ಕ್ಯಾಲರಿ ಕೊರತೆಯೇ. ಭಾರ ಎತ್ತುವ ದಿನ ಕಾಲು ನಡುಗಬಾರದು ಅಂತ ಅನ್ನವನ್ನು ಆ ಕಡೆ ಸರಿಸುವುದು, ಅಷ್ಟೆ. ಜಾಸ್ತಿ ಉಂಡ ಮರುದಿನ ತಕ್ಕಡಿ ತೂಕ ಜಾಸ್ತಿ ತೋರಿಸಿದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಸ್ನಾಯುವಿನಲ್ಲಿ ಒಂದು ಗ್ರಾಂ ಗ್ಲೈಕೋಜನ್ (ದೇಹ ಕೂಡಿಡುವ ಕಾರ್ಬ್) ಕೂತರೆ ಸುಮಾರು 3 ಗ್ರಾಂ ನೀರೂ ಜೊತೆಗೆ ಕೂರುತ್ತದೆ. ಅದಕ್ಕೇ ನಾನು ನಂಬುವುದು ಟೇಪನ್ನು.

ಆ ಟೇಪೇ ಕೈಕೊಟ್ಟಿತು. ವಿಚಿತ್ರ ಅಂದರೆ ಸ್ಕ್ವಾಟಿನಲ್ಲಿ ಎತ್ತುವ ಭಾರ ಮಾತ್ರ ಮೇಲೇರುತ್ತಿತ್ತು. ಕೊರತೆಯಲ್ಲಿ ಇರುವವನಿಗೆ ಇಷ್ಟು ಶಕ್ತಿ ಎಲ್ಲಿಂದ?

ಮೊದಲು ಅನುಮಾನ ಬಂದದ್ದು ವೇ ಪುಡಿಯ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಮೇಲೆ. ಆ ಅಂಗಡಿಯವನು ಅವಧಿ ಮುಗಿಯಲು ಎರಡೇ ತಿಂಗಳಿರುವ ಡಬ್ಬಿ ಕೊಟ್ಟು, ಒಳಗೆ ಚಮಚವೂ ಇಲ್ಲದೆ ಕಳಿಸಿದ್ದ. ಬೈಯಲು ಕಾರಣ ಸಾಕಷ್ಟಿತ್ತು, ಆದರೆ ಈ ತಪ್ಪು ಅವನದ್ದಲ್ಲ. ಆಮೇಲೆ ಭಾನುವಾರದ ಕೋರಿರೊಟ್ಟಿ. ಅದೂ ಪಾಪ. ಲೆಕ್ಕ ಇಡುವವರಿಗೆ ಕೋರಿರೊಟ್ಟಿಯಷ್ಟು ಪ್ರಾಮಾಣಿಕ ತಿಂಡಿ ಇನ್ನೊಂದಿಲ್ಲ: ಗರಿಗರಿ ಒಣ ಅಕ್ಕಿರೊಟ್ಟಿ, ಕೋಳಿ ಸಾರು ಸುರಿಯುವ ಮೊದಲು ತೂಗಿದರೆ ಮುಗಿಯಿತು.

ಉಳಿದದ್ದು ಕುಚ್ಚಲಕ್ಕಿ. ಮನೆಗೆಲ್ಲ ಒಂದೇ ಪಾತ್ರೆ, ತುಂಬ ನೀರಲ್ಲಿ ಬೇಯಿಸಿ ತಿಳಿ ಬಸಿಯುವುದು. ಹಾಗಾಗಿ ನಾನು ಅನ್ನ ತೂಗಿ 3.4ರಿಂದ ಭಾಗಿಸಿ ಅಕ್ಕಿಯ ಲೆಕ್ಕ ಹಿಡಿಯುತ್ತಿದ್ದೆ. ಒಂದು ಗ್ರಾಂ ಅಕ್ಕಿ ಬೆಂದು 3.4 ಗ್ರಾಂ ಅನ್ನ ಆಗುತ್ತದೆ ಅಂತ ಬೇಸಿಗೆಯಲ್ಲಿ ನಾಲ್ಕಾರು ಸಲ ಅಳೆದು ಪಡೆದ ಅಂಕಿ ಅದು. ಕಡಿಮೆ ದಿನ 100 ಗ್ರಾಂ ಅಕ್ಕಿ, ಅಂದರೆ 340 ಗ್ರಾಂ ಅನ್ನ. ಜಾಸ್ತಿ ದಿನ 240 ಗ್ರಾಂ ಅಕ್ಕಿ, 816 ಗ್ರಾಂ ಅನ್ನ.

ಮೊನ್ನೆ ಅಮ್ಮ ಅಕ್ಕಿ ತೊಳೆಯುವಾಗ ಪಕ್ಕದಲ್ಲಿ ತಕ್ಕಡಿ ಹಿಡಿದು ನಿಂತೆ. ಅಳತೆ ಆದ ಮೇಲೆ ಇನ್ನೂ ಎರಡು ಮುಷ್ಟಿ ಬಿತ್ತು. "ಅದೆಂತಕ್ಕೆ?" ಅಂದೆ.

"ಹೊಸ ಅಕ್ಕಿ ಅಲ್ವಾ, ಒದಗುದಿಲ್ಲ. ಮೂಟೆ ಬದಲಾದಾಗಿಂದ ಹಾಕ್ತಾ ಇದ್ದೇನೆ. ನೀನು ಈಗ ಎಂತ ಸಂಶೋಧನೆ ಮಾಡುದು?"

ಆಯಿತಲ್ಲ! ಹಳೆ ಅಕ್ಕಿ ನೀರು ಹೀರಿ ಚೆನ್ನಾಗಿ ಅರಳುತ್ತದೆ, ಹೊಸದು ಅಷ್ಟಿಲ್ಲ. ಪಾತ್ರೆ ಮಾತ್ರ ಎಂದಿನಷ್ಟೇ ತುಂಬಿರುತ್ತಿತ್ತು. ತೂಗಿ ನೋಡಿದರೆ ಈ ಮೂಟೆಯದ್ದು 2.7. ಅದೇ 340 ಗ್ರಾಂ ಅನ್ನದಲ್ಲಿ 126 ಗ್ರಾಂ ಅಕ್ಕಿ, 816ರಲ್ಲಿ 302! ವಾರದ ಸರಾಸರಿ ತೆಗೆದರೆ ದಿನಕ್ಕೆ 150 ಕ್ಯಾಲರಿ ಹತ್ತಿರ ಸುಮ್ನೆ ಒಳಗೆ ಹೋಗುತ್ತಿತ್ತು. ನಾನು ಇಟ್ಟುಕೊಂಡ ಕೊರತೆಯೇ ದಿನಕ್ಕೆ 350. "ಹಳೆದೇ ಕೊಟ್ಟದ್ದು" ಅಂತ ಆಣೆ ಇಟ್ಟ ಅಕ್ಕಿ ಅಂಗಡಿಯವರಿಗೆ ನನ್ನ ಸ್ಕ್ವಾಟಿನ ಪರವಾಗಿ ಧನ್ಯವಾದ.

ಈಗ ಖಾಲಿ ಪಾತ್ರೆ ತೂಗಿ, ಕಂಠದ ಹತ್ತಿರ ಮೊಳೆಯಿಂದ 1140 ಅಂತ ಗೀರಿದ್ದೇನೆ. ಮಾರ್ಕರ್‌ನಲ್ಲಿ ಬರೆದದ್ದು ಒಂದೇ ಸಲಕ್ಕೆ ಸುಟ್ಟು ಹೋಗಿತ್ತು. ಬಸಿದ ಮೇಲೆ ಪಾತ್ರೆ ಸಮೇತ ತೂಗಿ, 1140 ಕಳೆದು, ಹಾಕಿದ ಅಕ್ಕಿಯಿಂದ ಭಾಗಿಸಿದರೆ ಆ ಹೊತ್ತಿನ ಅಂಕಿ ಸಿಗುತ್ತದೆ. ರಾತ್ರಿಗೆ ಅನ್ನ ಸ್ವಲ್ಪ ಒಣಗಿರುತ್ತದೆ, ಆದ್ದರಿಂದ ನನ್ನ ಪಾಲು ಮಧ್ಯಾಹ್ನವೇ ತೂಗಿ ಎತ್ತಿಡುತ್ತೇನೆ. ಟೇಪು ಮತ್ತೆ ಅಲ್ಲಾಡಲು ಶುರುವಾಗಿದೆ.

ಮುಂದಿನ ತಲೆನೋವು ಪ್ರೋಟೀನಿನದ್ದು, ಜೂನ್ 1ರಿಂದ ಜುಲೈ 31. ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ ರಜೆ, ದಕ್ಕೆಯಲ್ಲಿ (ಮೀನಿನ ಬಂದರಿನಲ್ಲಿ) ಬಂಗುಡೆಗೆ ಬಂಗಾರದ ರೇಟು. ಹುರುಳಿ ತಿನ್ನು ಅನ್ನುವವರಿಗೆ ಒಂದು ಮಾತು: 100 ಗ್ರಾಂ ಹುರುಳಿಯಲ್ಲಿ ಪ್ರೋಟೀನ್ 22 ಗ್ರಾಂ, ಕಾರ್ಬ್ 57. ಕಡಿಮೆ ದಿನಕ್ಕೆ ಆಗುವ ಮಾತಲ್ಲ. ಮೊಟ್ಟೆಯೇ ಗತಿ.

ಅದಿರಲಿ, ಈ ಉಪ್ಪು ಗಾಳಿಗೆ ವ್ಯಾಯಾಮದ ಬಾರಿಗೆ ಸಿಕ್ಕಿಸುವ ನನ್ನ ಕಬ್ಬಿಣದ ಪ್ಲೇಟುಗಳು ಪದರ ಪದರ ಉದುರುತ್ತಿವೆ. ಕಾಂಕ್ರೀಟಿನಲ್ಲೇ ಎರಕ ಹೊಯ್ಯುವ ಯೋಚನೆ ಇದೆ. 45 ಸೆಂ.ಮೀ. ಅಗಲದ ಅಚ್ಚಿನಲ್ಲಿ 20 ಕಿಲೋಗೆ ಐದು ಸೆಂ.ಮೀ. ಚಿಲ್ಲರೆ ದಪ್ಪ ಸಾಕು. ನಡುವಿನ ತೂತಿಗೆ ಪಿವಿಸಿ ಪೈಪು ಕೂರಿಸಿದರೆ ಬಾರ್ ಉಜ್ಜಿ ಒಡೆಯುತ್ತದಾ? ಮಾಡಿ ನೋಡಿದವರು ಹೇಳಿ.